ಬೇಳೆ, ಹಾಲು ಮತ್ತು ಮುಚ್ಚಿದ್ದ ಬಾಗಿಲು: ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಹಟ ಹಿಡಿದು ಗೆದ್ದ ಕಮಲಾ ಸೊಹೊನಿ

ಶ್ರೀನಗರ: ಡಿಸೆಂಬರ್ ಚಳಿ ಶುರುವಾಯ್ತು ಅಂದ್ರೆ ಶ್ರೀನಗರ, ಹನುಮಂತನಗರದ ತಳ್ಳುಗಾಡಿಗಳ ಮೇಲೆ ಸೊಗಡವರೆ ಗುಡ್ಡೆ ಬೀಳುತ್ತದೆ. ಮನೆಮನೆಯಲ್ಲಿ ಕಾಳು ನೆನೆಹಾಕಿ, ರಾತ್ರಿ ಟಿವಿ ಮುಂದೆ ಕೂತು ಹಿದಕುವ ಕೆಲಸ. ಸ್ವಲ್ಪ ದೂರದ ವಿ.ವಿ.ಪುರಂನಲ್ಲಿ ಅವರೆ ಮೇಳ ಅಂದ್ರೆ ನಿಲ್ಲೋಕೂ ಜಾಗ ಇರಲ್ಲ. ಇದೇ ಅವರೆಕಾಳನ್ನು ಎಪ್ಪತ್ತು ವರ್ಷಗಳ ಹಿಂದೆ ಪ್ರಯೋಗಾಲಯಕ್ಕೆ ತಗೊಂಡು ಹೋಗಿ, ಅದರೊಳಗಿನ ಒಂದು ಅಂಶವನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದ ತಂಡವನ್ನು ನಡೆಸಿದ್ದು ಒಬ್ಬ ಮಹಿಳೆ. 1955ರಲ್ಲಿ ಜಗತ್ತಿನ ಹೆಸರಾಂತ ವಿಜ್ಞಾನ ಪತ್ರಿಕೆ ನೇಚರ್‌ನಲ್ಲಿ ಅದರ ವರದಿ ಅಚ್ಚಾಯಿತು. ಅವರ ಹೆಸರು ಡಾ. ಕಮಲಾ ಸೊಹೊನಿ.

ಹುಟ್ಟಿದ್ದು ಇಂದೋರ್, ಬಾಳಿದ್ದು ಮುಂಬೈ, ಮಾತು ಮರಾಠಿ. ಆದರೆ ಅವರನ್ನು ವಿಜ್ಞಾನಿಯಾಗಿ ಮಾಡಿದ್ದು ಬೆಂಗಳೂರು. ಮೊದಲು ಬಾಗಿಲು ಹಾಕಿದ್ದೂ ಇದೇ ಬೆಂಗಳೂರು.

ಅಪ್ಪ, ಚಿಕ್ಕಪ್ಪ ಓದಿದ ಜಾಗ

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು. ತವರಿನ ಹೆಸರು ಕಮಲಾ ಭಾಗವತ್. ತಂದೆ ನಾರಾಯಣರಾವ್ ಭಾಗವತ್, ಅವರ ಸಹೋದರ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಓದಿದ್ದು ಎಲ್ಲಿ ಅಂದ್ರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಮ್ಮ ಆಟೋದವರು, ಬಸ್ ಕಂಡಕ್ಟರ್‌ಗಳು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಜಾಗ ಅದು. ಜಮ್‌ಷೆಡ್‌ಜಿ ಟಾಟಾ ಕಂಡ ಕನಸು, ಮೈಸೂರು ಅರಸರು ಕೊಟ್ಟ 370ಕ್ಕೂ ಹೆಚ್ಚು ಎಕರೆ ಜಮೀನು. ಎರಡೂ ಸೇರಿ 1909ರಲ್ಲಿ ಎದ್ದು ನಿಂತ ಸಂಸ್ಥೆ.

ಆ ಮನೆಯಲ್ಲಿ ಹೆಣ್ಣುಮಕ್ಕಳು ಓದೋದು ವಿಶೇಷ ಆಗಿರಲಿಲ್ಲ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು. 1975ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿ ಕರಾಡ್‌ನಲ್ಲಿ ತುರ್ತು ಪರಿಸ್ಥಿತಿ ವಿರುದ್ಧ ದನಿ ಎತ್ತಿದವರು ಅವರೇ. ಅಕ್ಕ ಪುಸ್ತಕದ ಕಡೆ ಹೋದರೆ ತಂಗಿ ಪ್ರಯೋಗಾಲಯದ ಕಡೆ.

1933ರಲ್ಲಿ ಕಮಲಾ ಬಾಂಬೆ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ ಮುಖ್ಯ ವಿಷಯವಾಗಿ, ಭೌತಶಾಸ್ತ್ರ ಜೊತೆಗಿಟ್ಟುಕೊಂಡು ಬಿಎಸ್ಸಿ ಮುಗಿಸಿದರು. ಅಂಕ ಚೆನ್ನಾಗಿತ್ತು. ಅಪ್ಪ, ಚಿಕ್ಕಪ್ಪ ಓದಿದ ಕಡೆಯೇ ಸಂಶೋಧನೆ ಮಾಡೋಣ ಅಂತ ಬೆಂಗಳೂರಿಗೆ ಅರ್ಜಿ ಹಾಕಿದರು. ಇದರಲ್ಲಿ ತೊಂದರೆ ಬರುತ್ತೆ ಅಂತ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ರಾಮನ್ ಹಾಕಿದ ಮೂರು ಷರತ್ತು

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಬಂದಿತ್ತು. 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದಿದ್ದರು. ದೇಶಕ್ಕೆ ದೇಶವೇ ತಲೆಬಾಗುತ್ತಿದ್ದ ಹೆಸರು. ಅಂಥವರ ಕಚೇರಿಯಿಂದ ಕಮಲಾ ಅರ್ಜಿ ತಿರಸ್ಕಾರವಾಗಿ ಬಂತು. ಕಾರಣ ಅಂಕ ಅಲ್ಲ, ಸೀಟು ಖಾಲಿ ಇಲ್ಲ ಅಂತಲೂ ಅಲ್ಲ. ಅರ್ಜಿ ಹಾಕಿದ್ದು ಹೆಣ್ಣು ಅನ್ನೋದೇ ಕಾರಣ.

ಬೇರೆಯವರಾಗಿದ್ರೆ ಮುಂಬೈನಲ್ಲೇ ಎಲ್ಲಾದರೂ ಸೇರಿಕೊಳ್ಳುತ್ತಿದ್ದರೇನೋ. ಕಮಲಾ ಹಾಗೆ ಮಾಡಲಿಲ್ಲ. ತಂದೆ, ಚಿಕ್ಕಪ್ಪ ಕೇಳಿಕೊಂಡರೂ ರಾಮನ್ ಬಗ್ಗಲಿಲ್ಲ. ಆಮೇಲೆ ಈಕೆ ಸೀದಾ ಬೆಂಗಳೂರಿಗೆ ಬಂದು ಎದುರಿಗೇ ನಿಂತು ಕಾರಣ ಕೇಳಿದರು. ಗಾಂಧೀಜಿ ಸತ್ಯಾಗ್ರಹದ ಕಾಲ ಅದು. ಸೇರಿಸಿಕೊಳ್ಳುವವರೆಗೆ ಜಾಗ ಬಿಟ್ಟು ಕದಲಲ್ಲ ಅಂತ ಈ ಇಪ್ಪತ್ತೆರಡರ ಹುಡುಗಿಯೂ ಕೂತಳು.

ಕೊನೆಗೆ ರಾಮನ್ ಒಪ್ಪಿದರು, ಆದರೆ ಮೂರು ಷರತ್ತು ಹಾಕಿ. ಮೊದಲನೆಯದು, ಒಂದು ವರ್ಷ ಆಕೆಯನ್ನು ಪೂರ್ಣ ವಿದ್ಯಾರ್ಥಿ ಅಂತ ಪರಿಗಣಿಸಲ್ಲ, ಕೆಲಸ ಹೇಗಿದೆ ಅಂತ ನೋಡಿ ಆಮೇಲೆ ತೀರ್ಮಾನ. ಎರಡನೆಯದು, ಗೈಡ್ ಹೇಳಿದಾಗೆಲ್ಲ, ತಡರಾತ್ರಿಯಾದರೂ ಸರಿ, ಕೆಲಸ ಮಾಡಬೇಕು. ಮೂರನೆಯದು, ಆಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು, ಅಂದರೆ ಗಂಡು ಸಂಶೋಧಕರ ಗಮನ ಬೇರೆಡೆ ಹೋಗಬಾರದು.

ಮೂರನೇ ಷರತ್ತನ್ನು ಇನ್ನೊಂದು ಸಲ ಓದಿ. ಯಾರದೋ ಗಮನ ಚದುರಿದರೆ ಅದಕ್ಕೆ ಹೊಣೆ ಆಕೆ. ಆ ಮಾತು ಎಷ್ಟು ಅವಮಾನ ಅನ್ನೋದು ಕಮಲಾಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡರು. ಒಳಗೆ ಹೋಗದೆ ಏನನ್ನೂ ಸಾಬೀತು ಮಾಡೋಕೆ ಆಗಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು.

ಬೇಳೆಯಲ್ಲಿ ಏನಿದೆ ಅನ್ನೋ ಹುಡುಕಾಟ

ಜೀವರಸಾಯನ ವಿಭಾಗದಲ್ಲಿ ಕಮಲಾಗೆ ಗೈಡ್ ಆಗಿ ಸಿಕ್ಕಿದ್ದು ಎಂ. ಶ್ರೀನಿವಾಸಯ್ಯ. 1921ರಲ್ಲಿ ಶುರುವಾದ ಈ ವಿಭಾಗ ಆಗಿನ್ನೂ ಹನ್ನೆರಡು ವರ್ಷದ ಕೂಸು. ಶ್ರೀನಿವಾಸಯ್ಯ ಕಟ್ಟುನಿಟ್ಟಿನ ಮನುಷ್ಯ, ಆದರೆ ಕಲಿಯುವವರಿಗೆ ಕೈ ಬಿಚ್ಚಿ ಕಲಿಸುವವರು. ಹೊರದೇಶದ ವಿಜ್ಞಾನಿಗಳ ಪ್ರಬಂಧ ಓದಬೇಕು, ಸಂದೇಹ ಬಂದರೆ ಅವರಿಗೇ ಕಾಗದ ಬರೆಯಬೇಕು ಅಂತ ಅಭ್ಯಾಸ ಮಾಡಿಸಿದವರು ಅವರೇ. ಆ ಅಭ್ಯಾಸ ಕಮಲಾಗೆ ಕೊನೆತನಕ ಉಳಿಯಿತು.

ಅವರಿಗೆ ಸಿಕ್ಕ ವಿಷಯ ಹಾಲು ಮತ್ತು ಬೇಳೆಕಾಳಿನ ಪ್ರೋಟೀನ್. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಮೂಟೆಯಲ್ಲಿ ಕೂತಿರುತ್ತಲ್ಲ, ಅದೇ ಬೇಳೆ. ಮಾಂಸ, ಮೊಟ್ಟೆ ತಿನ್ನದ ಅಥವಾ ತಿನ್ನೋಕೆ ದುಡ್ಡಿಲ್ಲದ ಕೋಟ್ಯಂತರ ಜನಕ್ಕೆ ಪ್ರೋಟೀನ್ ಬರೋದು ಬೇಳೆಯಿಂದ. ಹಾಗಿದ್ದ ಮೇಲೆ ಅದರಲ್ಲಿ ನಿಜವಾಗಿ ಎಷ್ಟು ಪ್ರೋಟೀನ್ ಇದೆ ಅಂತ ಗೊತ್ತಾಗಬೇಕಲ್ವಾ? ಅಲ್ಲೊಂದು ತೊಡಕಿತ್ತು.

ಪ್ರೋಟೀನ್ ಅಳೆಯುವ ಹಳೆಯ ವಿಧಾನದಲ್ಲಿ ಪ್ರೋಟೀನ್ ಅನ್ನೇ ನೇರವಾಗಿ ಅಳೆಯಲ್ಲ. ಪದಾರ್ಥದಲ್ಲಿ ಎಷ್ಟು ಸಾರಜನಕ ಇದೆ ಅಂತ ಅಳೆದು, ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸಿ ಇಷ್ಟು ಪ್ರೋಟೀನ್ ಅಂತ ಲೆಕ್ಕ ಹಾಕ್ತಾರೆ. ಆದರೆ ಸಾರಜನಕ ಇರೋದೆಲ್ಲ ಪ್ರೋಟೀನ್ ಅಲ್ಲ. ಕಾಳಿನಲ್ಲಿ ಪ್ರೋಟೀನ್ ಅಲ್ಲದ, ಆದರೂ ಸಾರಜನಕ ಇರುವ ಬೇರೆ ವಸ್ತುಗಳೂ ಇರುತ್ತವೆ. ಬೇಳೆಯ ಸಾರದಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡಿದ್ದು ಕಮಲಾ ಬೆಂಗಳೂರಿನಲ್ಲಿ ಮಾಡಿದ ಮುಖ್ಯ ಕೆಲಸ.

ಇದರಿಂದ ಸಾಮಾನ್ಯ ಜನಕ್ಕೇನು ಅಂತ ಕೇಳಬಹುದು. ಹಾಲಿಗೆ ಯೂರಿಯಾ ಬೆರೆಸುವ ಸುದ್ದಿ ಆಗಾಗ ಬರುತ್ತಲ್ಲ, ಅದರ ಹಿಂದಿನ ಮೋಸ ಇದೇ. ಯೂರಿಯಾದಲ್ಲಿ ಸಾರಜನಕ ಜಾಸ್ತಿ. ಬೆರೆಸಿದರೆ ನೀರು ಹಾಕಿದ ಹಾಲೂ ಲೆಕ್ಕದಲ್ಲಿ ಗಟ್ಟಿ ಹಾಲಿನಂತೆ ಕಾಣುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದೂ ಇದೇ ಲೆಕ್ಕ ತಪ್ಪಿಸೋಕೆ. ಆರು ಕಂದಮ್ಮಗಳು ಸತ್ತು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಪ್ರೋಟೀನ್ ಯಾವುದು, ಪ್ರೋಟೀನ್ ಥರ ಕಾಣೋದು ಯಾವುದು ಅಂತ ಬೇರೆ ಮಾಡುವುದು ಪುಸ್ತಕದ ಬದನೆಕಾಯಿ ಅಲ್ಲ, ಹಸುಳೆಗಳ ಜೀವದ ಪ್ರಶ್ನೆ.

ಒಂದು ವರ್ಷ ಕಳೆಯಿತು. ಕೆಲಸ ನೋಡಿ ರಾಮನ್ ಅವರಿಗೆ ಸಮಾಧಾನವಾಯಿತು. ಕಮಲಾ ಪೂರ್ಣ ವಿದ್ಯಾರ್ಥಿಯಾದರು. ಅಲ್ಲಿಂದಾಚೆಗೆ ಸಂಸ್ಥೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳೋಕೆ ಶುರುಮಾಡಿತು. 1936ರಲ್ಲಿ ಕಮಲಾ ಈ ಸಂಶೋಧನೆಯನ್ನೇ ಬಾಂಬೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ ಡಿಸ್ಟಿಂಕ್ಷನ್‌ನಲ್ಲಿ ಎಂಎಸ್ಸಿ ಪಡೆದರು.

ಮುಂದೆ ಹವಾಮಾನ ವಿಜ್ಞಾನಿಯಾಗಿ ಹೆಸರಾದ ಅನ್ನಾ ಮಣಿ ಇದೇ ಕ್ಯಾಂಪಸ್‌ನಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲೇ ದುಡಿದರು. ಆದರೆ ಎಲ್ಲವೂ ಸರಿಹೋಯಿತು ಅಂತಲ್ಲ. ಅನ್ನಾ ಮಣಿ ಬರೆದ ಪ್ರಬಂಧಕ್ಕೆ, ಆಕೆ ಎಂಎಸ್ಸಿ ಮಾಡಿಲ್ಲ ಅನ್ನೋ ಕಾರಣಕ್ಕೆ ಪಿಎಚ್‌ಡಿ ಸಿಗಲೇ ಇಲ್ಲ. ಬಾಗಿಲು ತೆರೆದದ್ದು ನಿಜ, ಪೂರ್ತಿ ತೆರೆಯಲಿಲ್ಲ ಅನ್ನೋದೂ ನಿಜ.

ಕೇಂಬ್ರಿಡ್ಜ್‌ನಲ್ಲಿ ಆಲೂಗೆಡ್ಡೆ

ವಿದ್ಯಾರ್ಥಿವೇತನ ಪಡೆದು ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. ವಿಟಮಿನ್‌ಗಳ ಕುರಿತ ಕೆಲಸಕ್ಕೆ 1929ರಲ್ಲಿ ನೊಬೆಲ್ ಹಂಚಿಕೊಂಡವರು. ವಿಭಾಗದಲ್ಲಿ ಜಾಗ ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕ ಹಗಲು ಹೊತ್ತು ತಮ್ಮ ಮೇಜನ್ನು ಆಕೆಗೆ ಬಿಟ್ಟುಕೊಟ್ಟು, ತಾವು ರಾತ್ರಿ ಕೆಲಸ ಮಾಡಿಕೊಂಡರು ಅಂತ ಹೇಳ್ತಾರೆ. ಬೆಂಗಳೂರಿನಲ್ಲಿ ರಾತ್ರಿ ಕೆಲಸ ಆಕೆಯ ಮೇಲೆ ಹೇರಿದ ಷರತ್ತಾಗಿತ್ತು. ಇಲ್ಲಿ ಇನ್ನೊಬ್ಬರು ತಾವಾಗಿ ರಾತ್ರಿಯನ್ನು ತಮ್ಮ ಪಾಲಿಗೆ ಇಟ್ಟುಕೊಂಡರು.

ಆಮೇಲೆ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಮೇಲೆ ಕೆಲಸ. ಆಲೂಗೆಡ್ಡೆ ಇಟ್ಟುಕೊಂಡು ಪ್ರಯೋಗ ಮಾಡುವಾಗ ಕಮಲಾಗೆ ಸಸ್ಯದ ಜೀವಕೋಶದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತು ಇರೋದು ಕಂಡಿತು. ಸರಳವಾಗಿ ಹೇಳಬೇಕಂದ್ರೆ, ಜೀವಕೋಶ ಆಹಾರವನ್ನು ಶಕ್ತಿಯಾಗಿ ಮಾಡಿಕೊಳ್ಳುವಾಗ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ಹಳೇ ಕಾಲದಲ್ಲಿ ಬೆಂಕಿ ಆರಿಸೋಕೆ ಸಾಲಾಗಿ ನಿಂತು ಬಿಂದಿಗೆ ದಾಟಿಸ್ತಿದ್ದರಲ್ಲ, ಹಾಗೆ. ಆ ಸಾಲಿನಲ್ಲಿ ನಿಂತ ಒಬ್ಬ ಆಳು ಸೈಟೋಕ್ರೋಮ್ ಸಿ. ಪ್ರಾಣಿಗಳ ಉಸಿರಾಟದ ಒಳಗುಟ್ಟು ಗಿಡಗಳಲ್ಲೂ ಇದೆ ಅಂತ ತೋರಿಸುವ ಕೆಲಸ ಇದು.

ಇಷ್ಟೂ ಕೆಲಸ ಮುಗಿಸಿ ಪ್ರಬಂಧ ಬರೆಯೋಕೆ ಆಕೆ ತಗೊಂಡಿದ್ದು 14 ತಿಂಗಳು. ಪ್ರಬಂಧ ಬರೀ 40 ಪುಟ. 1939ರಲ್ಲಿ ಕೇಂಬ್ರಿಡ್ಜ್ ಪಿಎಚ್‌ಡಿ ಕೊಟ್ಟಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಭಾರತೀಯ ಮಹಿಳೆಯರ ಮೊದಲ ಸಾಲಿನಲ್ಲಿ ಅವರ ಹೆಸರು ಬಂತು.

ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಅದೇ 1939ರಲ್ಲಿ ಭಾರತಕ್ಕೆ ವಾಪಸ್.

ದೆಹಲಿ, ಕೂನೂರು, ಮುಂಬೈ

ಮೊದಲ ಕೆಲಸ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ. ಜೀವರಸಾಯನ ವಿಭಾಗದ ಪ್ರಾಧ್ಯಾಪಕಿ, ಮುಖ್ಯಸ್ಥೆ. ಅಲ್ಲಿಂದ ನೀಲಗಿರಿಯ ಕೂನೂರಿನ ಪೋಷಕಾಂಶ ಸಂಶೋಧನಾ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋದರು. ಮುಂದೆ ಹೈದರಾಬಾದ್‌ಗೆ ಹೋಗಿ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಆದದ್ದು ಇದೇ ಪ್ರಯೋಗಾಲಯ. ಅಲ್ಲಿ ವಿಟಮಿನ್‌ಗಳ ಮೇಲೆ ಸಂಶೋಧನೆ.

1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ ಸೇರಿದರು. ಇಲ್ಲಿಂದಾಚೆಗೆ ಅವರ ಮತ್ತು ಅವರ ವಿದ್ಯಾರ್ಥಿಗಳ ಸಂಶೋಧನೆಯ ವಿಷಯಗಳನ್ನು ನೋಡಿದರೆ ಒಂದು ಕಿರಾಣಿ ಅಂಗಡಿ ಪಟ್ಟಿ ಓದಿದ ಹಾಗಿರುತ್ತೆ. ಬೇಳೆಕಾಳು, ಭತ್ತದ ಹಿಟ್ಟು, ನೀರಾ, ಹಾಲು. ಬಡವರ ತಟ್ಟೆಗೆ ಬೀಳದ ಯಾವ ವಸ್ತುವಿನ ಕಡೆಗೂ ಹೆಚ್ಚು ಹೋಗಲಿಲ್ಲ.

ಅವರೆಯೊಳಗಿನ ಬೀಗ

ಅವರೆಕಾಳಿನ ಕೆಲಸ ಬಂದದ್ದು ಈ ಹೊತ್ತಿನಲ್ಲಿ. ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಅರಗಿಸುವ ಒಂದು ಮುಖ್ಯ ಕಿಣ್ವ ಟ್ರಿಪ್ಸಿನ್. ಮೇದೋಜೀರಕ ಗ್ರಂಥಿಯಿಂದ ಬಂದು ಸಣ್ಣ ಕರುಳಿನಲ್ಲಿ ಕೆಲಸ ಮಾಡುತ್ತದೆ, ಪ್ರೋಟೀನನ್ನು ಕತ್ತರಿಸಿ ತುಂಡು ಮಾಡುತ್ತದೆ. ಹಸಿ ಕಾಳುಗಳಲ್ಲಿ ಈ ಟ್ರಿಪ್ಸಿನ್‌ಗೆ ಬೀಗ ಹಾಕುವ ಒಂದು ಪದಾರ್ಥ ಇರುತ್ತದೆ. ಹುಳ ಹುಪ್ಪಟೆ ತಿಂದು ಅರಗಿಸಿಕೊಳ್ಳಬಾರದು ಅಂತ ಗಿಡ ಮಾಡಿಕೊಂಡ ಉಪಾಯ ಅದು. ಅಂದರೆ ಕಾಳಿನಲ್ಲಿ ಪ್ರೋಟೀನೂ ಇದೆ, ಅದು ಮೈಗೆ ಹತ್ತದಂತೆ ಮಾಡುವ ಬೀಗವೂ ಇದೆ.

ಸೊಹೊನಿ ತಂಡ 1950ರ ದಶಕದಲ್ಲಿ ಭಾರತದ ತರಕಾರಿ, ಕಾಳುಗಳಲ್ಲಿ ಈ ಬೀಗ ಎಲ್ಲೆಲ್ಲಿದೆ ಅಂತ ಹುಡುಕಿತು. ಅವರೆಕಾಳು ಮತ್ತು ಡಬಲ್ ಬೀನ್ಸ್ ಎರಡರಿಂದಲೂ ಅದನ್ನು ಹರಳು ಹರಳಾಗಿ ಹೊರತೆಗೆಯಿತು. ಕಲ್ಲುಸಕ್ಕರೆ ಕಟ್ಟಬೇಕಂದ್ರೆ ಪಾಕ ಚೊಕ್ಕಟವಾಗಿರಬೇಕಲ್ಲ, ಹಾಗೇ ಒಂದು ಪದಾರ್ಥ ಹರಳುಗಟ್ಟಿತು ಅಂದ್ರೆ ಅದು ಚೆನ್ನಾಗಿ ಶುದ್ಧವಾಗಿದೆ ಅಂತ. ಸಾಗುಗೆ ಹಾಕುವ ಡಬಲ್ ಬೀನ್ಸ್, ಸಾರಿಗೆ ಹಾಕುವ ಅವರೆ ನೇಚರ್ ಪತ್ರಿಕೆಗೆ ಹೋಗಿದ್ದು ಹೀಗೆ.

ಹಾಗಂತ ಅವರೆ ತಿನ್ನೋರು ಹೆದರಬೇಕಿಲ್ಲ. ಚೆನ್ನಾಗಿ ಬೇಯಿಸಿದರೆ ಈ ಬೀಗ ಬಹುಪಾಲು ಕಳಚಿಹೋಗುತ್ತದೆ. ನೆನೆಸೋದು, ಮೊಳಕೆ ಕಟ್ಟೋದು ಕೂಡ ಅದರ ಶಕ್ತಿ ಕುಂದಿಸುತ್ತದೆ. ನೆನೆಹಾಕಿ, ಹಿದಕಿ, ಕುದಿಸಿ ಮಾಡುವ ನಮ್ಮ ಅಜ್ಜಿಯರ ಪದ್ಧತಿಗೆ ಪ್ರಯೋಗಾಲಯವೂ ತಲೆದೂಗಿದ ಹಾಗಾಯಿತು. ಅರೆಬೆಂದ ಕಾಳು ಹೊಟ್ಟೆಗೆ ಒಳ್ಳೇದಲ್ಲ ಅನ್ನೋ ಮಾತಿಗೆ ಕಾರಣವೂ ಸಿಕ್ಕಿತು.

ನೀರಾ ಮತ್ತು ಪ್ರಶಸ್ತಿ

ಆಗಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆ ಮೇಲೆ ಸೊಹೊನಿ ನೀರಾ ಕುರಿತ ಸಂಶೋಧನೆ ಕೈಗೆತ್ತಿಕೊಂಡರು. ತಾಳೆ ಜಾತಿಯ ಮರಗಳಿಂದ ಇಳಿಸುವ, ಇನ್ನೂ ಹುಳಿಯದ ಸಿಹಿ ರಸ ನೀರಾ. ಹುಳಿದರೆ ಹೆಂಡ, ಹುಳಿಯುವ ಮುನ್ನ ಪಾನೀಯ. ಅದರಲ್ಲಿ ವಿಟಮಿನ್, ಕಬ್ಬಿಣದ ಅಂಶ ಇರೋದು, ಬೆಲ್ಲ ಮಾಡಿದರೂ ಅದರಲ್ಲಿ ಬಹಳಷ್ಟು ಉಳಿಯೋದು ಅವರ ಪ್ರಯೋಗದಲ್ಲಿ ಕಂಡಿತು. ಅಪೌಷ್ಟಿಕತೆಯಿಂದ ಬಳಲುವ ಬುಡಕಟ್ಟು ಮಕ್ಕಳಿಗೆ, ಗರ್ಭಿಣಿಯರಿಗೆ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬೈನ ಆರೇ ಹಾಲಿನ ಯೋಜನೆಗೂ ಗುಣಮಟ್ಟದ ವಿಷಯದಲ್ಲಿ ಸಲಹೆ ಕೊಟ್ಟರು.

ಇಷ್ಟಾದರೂ ವಿಜ್ಞಾನ ಸಂಸ್ಥೆಯ ನಿರ್ದೇಶಕಿ ಹುದ್ದೆ ಸಿಗೋಕೆ ವರ್ಷಗಟ್ಟಲೆ ಕಾಯಬೇಕಾಯಿತು. ಅರ್ಹತೆ ಇದ್ದೂ ಒಳಗಿನ ರಾಜಕೀಯ ಅಡ್ಡ ಬಂತು. 1965ರಲ್ಲಿ ಹುದ್ದೆ ಬಂತು, 1969ರಲ್ಲಿ ನಿವೃತ್ತಿ. ಬೆಂಗಳೂರಿನಲ್ಲಿ ಇಪ್ಪತ್ತೆರಡನೇ ವಯಸ್ಸಿಗೆ ಎದುರಾದದ್ದು ಐವತ್ತರ ಆಸುಪಾಸಿನಲ್ಲೂ ಬೇರೆ ವೇಷದಲ್ಲಿ ಎದುರಾಯಿತು.

ಅಂಗಡಿಯವರು, ಗ್ರಾಹಕರು ಇಬ್ಬರಿಗೂ ಬೇಕಾದವರು

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈನಲ್ಲಿ ಒಂಬತ್ತು ಮಹಿಳೆಯರು ಸೇರಿ ಹುಟ್ಟುಹಾಕಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾದಲ್ಲಿ ಓಡಾಡಿ ಕೆಲಸ ಮಾಡಿದರು. 1982-83ರಲ್ಲಿ ಅದರ ಅಧ್ಯಕ್ಷೆಯೂ ಆದರು. ಅದರ ಪತ್ರಿಕೆ ಕೀಮತ್‌ನಲ್ಲಿ ಗ್ರಾಹಕರ ಸುರಕ್ಷತೆ ಬಗ್ಗೆ ಲೇಖನ ಬರೆದರು. ದೇಶದಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಹುಟ್ಟಿದ ಸಂಘಟನೆ ಇದು.

ಕಲಬೆರಕೆ ಬಗ್ಗೆ ಮಾತಾಡಿದರೆ ಅಂಗಡಿಯವರ ವಿರುದ್ಧ ಅಂತ ಕೆಲವರು ತಿಳಿದುಕೊಳ್ಳೋದುಂಟು. ನಿಜ ಏನಂದ್ರೆ ಕಲಬೆರಕೆಯಿಂದ ಮೊದಲು ಪೆಟ್ಟು ಬೀಳೋದು ನಿಯತ್ತಿನ ಅಂಗಡಿಯವನಿಗೆ. ಪಕ್ಕದವನು ಕಲಬೆರಕೆ ಬೇಳೆಯನ್ನು ನಾಲ್ಕು ರೂಪಾಯಿ ಕಮ್ಮಿಗೆ ಮಾರಿದರೆ ಒಳ್ಳೆ ಮಾಲು ಇಟ್ಟವನ ಮೂಟೆ ಹಾಗೇ ಕೂರುತ್ತದೆ. ಇದು ಕಲಬೆರಕೆ ಅಂತ ಗ್ರಾಹಕನಿಗೆ ಗುರುತಿಸೋಕೆ ಬಂದರೆ ಒಳ್ಳೆಯವನ ವ್ಯಾಪಾರ ಉಳಿಯುತ್ತೆ.

ಅಕ್ಷರ ಬಲ್ಲ ಕಾಲದ ಲೆಕ್ಕ

ಇಳಿವಯಸ್ಸಿನಲ್ಲಿ ಮಹಿಳಾ ವಿಜ್ಞಾನಿಗಳ ಮುಂದೆ ಮಾತಾಡುವಾಗ ಸೊಹೊನಿ ಬೆಂಗಳೂರಿನ ಆ ದಿನಗಳನ್ನು ನೆನೆದರು. ರಾಮನ್ ಮಹಾನ್ ವಿಜ್ಞಾನಿ ಅನ್ನೋದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಹೆಣ್ಣು ಅನ್ನೋ ಕಾರಣಕ್ಕೆ ತನ್ನನ್ನು ನಡೆಸಿಕೊಂಡ ರೀತಿ ಮರೆಯೋಕೆ ಆಗಲಿಲ್ಲ, ಅದು ತನಗಾದ ದೊಡ್ಡ ಅವಮಾನ ಅಂತ ಬಿಚ್ಚಿ ಹೇಳಿದರು. ಅರವತ್ತು ವರ್ಷದ ನಂತರವೂ ಅದು ಆರಿರಲಿಲ್ಲ. ದೊಡ್ಡವರ ದೊಡ್ಡತನವನ್ನು ಒಪ್ಪಿಕೊಂಡೇ ಅವರ ತಪ್ಪನ್ನೂ ಹೇಳಬಹುದು ಅಂತ ತೋರಿಸಿಕೊಟ್ಟರು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನಕ್ಕೆ ದೆಹಲಿಗೆ ಕರೆಸಿತು. ಆ ಸಮಾರಂಭದಲ್ಲೇ ಕುಸಿದುಬಿದ್ದರು. ಆಮೇಲೆ ಚೇತರಿಸಿಕೊಳ್ಳಲಿಲ್ಲ. 2023ರ ಜೂನ್ 18ರಂದು, 112ನೇ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಎಷ್ಟೋ ಜನಕ್ಕೆ ಆ ದಿನವೇ ಮೊದಲ ಸಲ ಅವರ ಹೆಸರು ಗೊತ್ತಾಗಿದ್ದು.

ಇವತ್ತು ಶ್ರೀನಗರ, ಬನಶಂಕರಿ, ಹನುಮಂತನಗರದ ಮನೆಗಳಿಂದ ಬಯೋಕೆಮಿಸ್ಟ್ರಿ, ಬಯೋಟೆಕ್, ಮೆಡಿಕಲ್ ಓದೋಕೆ ಬೆಳಗ್ಗೆ ಬಸ್ ಹತ್ತುವ ಹೆಣ್ಣುಮಕ್ಕಳನ್ನು ಯಾರೂ ಆ ಮೂರು ಷರತ್ತು ಬರೆದುಕೊಡು ಅಂತ ಕೇಳಲ್ಲ. ಆದರೆ ಪಿಯುಸಿ ಮುಗಿದ ಮಗಳಿಗೆ ಸೈನ್ಸ್ ಯಾಕೆ, ಲ್ಯಾಬ್‌ನಲ್ಲಿ ರಾತ್ರಿಯಾಗುತ್ತೆ, ಬೇಗ ಮುಗಿಯುವ ಕೋರ್ಸ್ ನೋಡೋಣ ಅನ್ನೋ ಮಾತು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಆ ಮಾತು ಬಂದಾಗ ಅಪ್ಪ ಅಮ್ಮಂದಿರು 1933ರ ಆ ಹುಡುಗಿಯನ್ನು ನೆನಪು ಮಾಡಿಕೊಳ್ಳಬಹುದು. ಆಕೆ ಬೇರೇನೂ ಕೇಳಲಿಲ್ಲ. ಕೇಳಿದ್ದು ಒಂದು ಮೇಜು, ಒಂದಿಷ್ಟು ಬೇಳೆ, ಮತ್ತು ಕೆಲಸ ನೋಡಿ ತೀರ್ಮಾನ ಮಾಡಿ ಅನ್ನೋ ಒಂದೇ ಒಂದು ನ್ಯಾಯ.